ಮುಟ್ಟದ ಗಂಟು

ಎಡಗಾಲಿಗೆ ಬೂಟು ಸಲೀಸಾಗಿ ಹೋಯಿತು. ಬಲಗಾಲಿಗೆ ಹೋಗಲಿಲ್ಲ. ಹೊಲಿಗೆಯಕ್ಕ ಮಂಚದ ಕಾಲ್ದೆಸೆಯಲ್ಲಿ ಮೊಣಕಾಲೂರಿ ಕೂತು, ಗಂಡನ ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಬೂಟನ್ನು ಒತ್ತಿ ನೋಡಿದಳು. ಆ ಕಾಲು ಹನ್ನೊಂದು ವರ್ಷದಿಂದ ಯಾರ ಮಾತನ್ನೂ ಕೇಳಿದ್ದಲ್ಲ. ಸತ್ತ ಮೇಲಾದರೂ ಕೇಳೀತು ಎಂದುಕೊಂಡದ್ದು ಅವಳದೇ ತಪ್ಪು.

"ಬಿಟ್ಬಿಡಿ ಅಕ್ಕ," ಎಂದರು ಪಕ್ಕದ ಮನೆಯ ಟೀಚರ್. "ಮೇಲೆ ಬಟ್ಟೆ ಹೊದಿಸ್ತೀವಲ್ಲ. ಬೂಟು ಇದೆಯೋ ಇಲ್ವೋ ಯಾರಿಗೆ ಕಾಣುತ್ತೆ?"

"ಬೂಟಿಲ್ಲದೆ ಇವರು ಬಾಗಿಲು ದಾಟಿದವರಲ್ಲ. ಇವತ್ತು ಬರಿಗಾಲಲ್ಲಿ ಕಳಿಸ್ಲಾ?" ಎಂದು ಹೊಲಿಗೆಯಕ್ಕ ಎದ್ದು ಅಡುಗೆಮನೆಗೆ ಹೋದಳು. ಹಿಡಿ ಸವೆದ ಹಳೆಯ ಚಮಚವೊಂದನ್ನು ತಂದು ಹಿಮ್ಮಡಿಯ ಹಿಂದೆ ತೂರಿಸಿದಳು. ಕಾಲು ಒಳಗೆ ಜಾರಿತು. ದಿನವೂ ಹೀಗೇ ಜಾರುತ್ತಿತ್ತು. ಆಮೇಲೆ ಲೇಸು ಎಳೆದು ಕಟ್ಟತೊಡಗಿದಳು. ಕಟ್ಟುತ್ತಿದ್ದ ಹಾಗೆ ಬಾಯಿ ಅದರಷ್ಟಕ್ಕೆ ಅದು ಮಾತಾಡಿಬಿಟ್ಟಿತು: "ಇರಿ, ನಾನೇ ಕಟ್ತೀನಿ. ನಿಮ್ಮ ಗಂಟಿನ ಕತೆ ಊರಿಗೇ ಗೊತ್ತು."

ಟೀಚರ್ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಅವರಿಗೂ ಆ ಮಾತು ಹೊಸದಲ್ಲ. ಎರಡು ಮನೆಗಳ ನಡುವಿನ ಗೋಡೆ ತೆಳ್ಳಗಿತ್ತು. ಬೆಳಿಗ್ಗೆ ಎಂಟೂಕಾಲಿಗೆ ಹೊಲಿಗೆಯಕ್ಕನ ಗಂಡ ಕುರ್ಚಿಯ ಮೇಲೆ ಕೂತು ಕಾಲು ಚಾಚುವುದು, ಸೊಂಟ ಬಗ್ಗದ ಅವನಿಗೆ ಅವಳು ಲೇಸು ಕಟ್ಟುವುದು, ಕಟ್ಟುತ್ತಾ ಈ ಮಾತು ಹೇಳುವುದು, ಅವನು "ಹೌದಪ್ಪಾ ಹೌದು" ಎಂದು ನಗುವುದು, ಎಲ್ಲ ಗಡಿಯಾರ ತಪ್ಪಿದರೂ ತಪ್ಪುತ್ತಿರಲಿಲ್ಲ. ಇವತ್ತು ಮಾತಿನ ಅರ್ಧ ಮಾತ್ರ ಆಯಿತು. ಉಳಿದ ಅರ್ಧಕ್ಕಾಗಿ ಹೊಲಿಗೆಯಕ್ಕ ಒಂದು ಗಳಿಗೆ ಕಾದಳು, ತಾನು ಕಾಯುತ್ತಿದ್ದೇನೆ ಎಂದು ಗೊತ್ತಾದ ಮೇಲೆ ಅತ್ತಳು.

ಮುಂದಿನ ಕೋಣೆಯಲ್ಲಿ ಜನ ಕೂಡಿದ್ದರು. ಗೋಡೆಗೆ ಸರಿಸಿಟ್ಟ ಹೊಲಿಗೆ ಯಂತ್ರದ ಮೇಲೆ ಯಾರೋ ಟೀ ಲೋಟಗಳನ್ನು ಸಾಲಾಗಿ ಇಟ್ಟಿದ್ದರು. ಬೇರೆ ದಿನವಾಗಿದ್ದರೆ ಹೊಲಿಗೆಯಕ್ಕ ಅವರ ಕೈ ಮುರಿಯುತ್ತಿದ್ದಳು. ನಾಲ್ಕನೇ ಮಹಡಿಯ ಗುಮಾಸ್ತರು ನಡುವೆ ಕೂತು ಮಾತಾಡುತ್ತಿದ್ದರು. ಸತ್ತವನು ಅವರ ಕಚೇರಿ ಕಟ್ಟಡದ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಗುಂಡಿ ಒತ್ತುವ ಕೆಲಸ ಮಾಡುತ್ತಿದ್ದ. ಮೊನ್ನೆ ಆ ಸ್ಟೂಲಿನ ಮೇಲೆಯೇ ಗೋಡೆಗೆ ಒರಗಿ ಜೀವ ಬಿಟ್ಟಿದ್ದ. ನಿದ್ದೆ ಹತ್ತಿರಬೇಕು ಎಂದುಕೊಂಡು ಜನ ತಾವೇ ಗುಂಡಿ ಒತ್ತಿಕೊಂಡು ಎರಡು ಮೂರು ಸಲ ಅವನನ್ನು ಮೇಲೆ ಕೆಳಗೆ ಓಡಾಡಿಸಿದ ಮೇಲೆ ಗೊತ್ತಾದದ್ದು.

"ಒಂದ್ಸಲ ಏನಾಯ್ತು ಗೊತ್ತಾ," ಎನ್ನುತ್ತಿದ್ದರು ಗುಮಾಸ್ತರು. "ಒಂದ್ನಿಮಿಷ ಇರಿ, ಫೈಲ್ ತಗೊಂಡು ಬಂದ್ಬಿಡ್ತೀನಿ ಅಂತ ಲಿಫ್ಟಿನಿಂದ ಇಳಿದೆ. ಅಲ್ಲಿ ಸಾಹೇಬರು ಹಿಡ್ಕೊಂಡ್ರು. ಮುಕ್ಕಾಲು ಗಂಟೆ! ವಾಪಸ್ ಬಂದು ನೋಡ್ತೀನಿ, ಈ ಮನುಷ್ಯ ಬಾಗಿಲಿಗೆ ಕಾಲು ಅಡ್ಡ ಇಟ್ಕೊಂಡು ಕೂತಿದ್ದಾರೆ. ಕೆಳಗಡೆ ಜನ ಬಾಯಿಗೆ ಬಂದ ಹಾಗೆ ಬೈತಿದ್ದಾರೆ. ಏನ್ರೀ ಇದು ಅಂದ್ರೆ, 'ಬರ್ತೀನಿ ಅಂದಿದ್ರಲ್ಲ ಸರ್' ಅಂತಾರೆ!"

ಎಲ್ಲರೂ ನಕ್ಕರು, ಸಾವಿನ ಮನೆ ಎಂದು ನೆನಪಾಗಿ ನಿಲ್ಲಿಸಿದರು.

"ಮುಗ್ಧ ಮನುಷ್ಯ," ಎಂದರು ಗುಮಾಸ್ತರು ದನಿ ತಗ್ಗಿಸಿ.

"ಮುಗ್ಧ ಅಂದ್ರೆ ಅಷ್ಟಿಷ್ಟಲ್ಲ. ಬೆಳ್ಳಗಿರೋದೆಲ್ಲ ಹಾಲು ಅನ್ನೋ ಜಾತಿ," ಎಂದ ಇನ್ನೊಬ್ಬ.

ಮುಗ್ಧ. ಬೆಳಗಿನಿಂದ ಈ ಪದವನ್ನು ಹೊಲಿಗೆಯಕ್ಕ ಏಳೆಂಟು ಬಾಯಲ್ಲಿ ಕೇಳಿದ್ದಳು. ಹಾಲು ಕುಡಿಯುವ ಮಗುವಿಗೆ ಹೇಳಿದರೆ ಅದು ಮುದ್ದು. ಐವತ್ತು ದಾಟಿದ ಗಂಡಸಿಗೆ ಹೇಳಿದರೆ, ಬೆಪ್ಪ ಎನ್ನುವುದಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ ಹಾಗೆ. ಎದುರಿಗೆ ಯಾರೂ ಹೇಳುವುದಿಲ್ಲ. ಬೆನ್ನ ಹಿಂದೆ ಹೇಳುತ್ತಾರೆ, ಇಲ್ಲವೇ ಸತ್ತ ಮೇಲೆ. ಹೇಳುವಾಗ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಸದ್ಯ ನಾನು ಹಾಗಲ್ಲ ಎಂಬ ಸಮಾಧಾನ ಮುಖದ ಮೇಲೆ ಮೂಡುತ್ತದೆ. ಹಾಗೆಂದು ಅವಳೇನೂ ಸಾಚಾ ಅಲ್ಲ. ಅಂಗಿ ತೊಡಿಸುವ ಗೋಜಿಗೆ ಹೋಗದೆ ಅವಳು ಗಂಡನನ್ನು ನೇರವಾಗಿ "ಬೆಪ್ಪುತಕ್ಕಡಿ" ಎಂದೇ ಕರೆಯುತ್ತಿದ್ದಳು.

ಅಷ್ಟರಲ್ಲಿ ಅವಳ ತಮ್ಮ ಒಳಗೆ ಬಂದ. ಕಪ್ಪು ಕೋಟು, ಕೆಂಪಾದ ಕಣ್ಣು. ಎಲ್ಲರೂ ದಾರಿ ಬಿಟ್ಟರು. ಎತ್ತರದ ಕಟ್ಟಡಗಳಿಗೆ ಹಗ್ಗ ಕಟ್ಟಿಕೊಂಡು ಇಳಿದು ಕಿಟಕಿ ಗಾಜು ಒರೆಸುವವರ ಗುಂಪಿಗೆ ಈಗ ಅವನೇ ಮೇಸ್ತ್ರಿ. ಪೆಟ್ಟಿಗೆ, ಗಾಡಿ, ಗುಂಡಿ ತೋಡುವವರು, ಹೂವು, ಎಲ್ಲವನ್ನೂ ನಿನ್ನೆಯಿಂದ ಅವನೇ ಓಡಾಡಿ ನೋಡಿಕೊಂಡಿದ್ದ.

"ಅಕ್ಕ, ಏನಾದ್ರೂ ತಿಂದ್ಯಾ?" ಎಂದು ಅವಳ ತಲೆಯ ಮೇಲೆ ಕೈಯಿಟ್ಟ. "ನಮ್ಮ ಹುಡುಗರು ಒಂದು ಕೇಳ್ತಿದ್ದಾರೆ. ಭಾವನ ಪೆಟ್ಟಿಗೆನ ನಮ್ಮ ಹಗ್ಗದಲ್ಲೇ ನಾವೇ ಇಳಿಸ್ತೀವಿ ಅಂತ. ಎಷ್ಟಾದ್ರೂ ನಮಗೆಲ್ಲ ಕೆಲಸ ಕಲಿಸಿದವರು."

"ಇಳಿಸಿ," ಎಂದಳು ಅವಳು. ಆ ಕೈಯ ಭಾರ ಅವಳಿಗೆ ಹಿತವಾಗಿತ್ತು. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೇಳು. ಮದುವೆಯಾಗಿ ಬರುವಾಗ ಟ್ರಂಕಿನ ಜೊತೆ ತಮ್ಮನನ್ನೂ ಕರೆದುಕೊಂಡು ಬಂದವಳು ಅವಳು. ತನಗೆ ಮಕ್ಕಳಾಗಲಿಲ್ಲ ಎಂಬ ಕೊರಗು ಅವಳನ್ನು ಬಾಧಿಸದೆ ಇದ್ದದ್ದು ಇವನಿಂದಲೇ.

*

ಮದುವೆಯಾದ ಹೊಸದರಲ್ಲಿ ಅವಳು ಗಂಡನಿಗೆ ಊಟದ ಡಬ್ಬಿ ಹಿಡಿದುಕೊಂಡು ಹನ್ನೆರಡು ಮಹಡಿಯ ಕಟ್ಟಡವೊಂದರ ತಾರಸಿಗೆ ಹೋಗಿದ್ದಳು. ಮೆಟ್ಟಿಲು ಹತ್ತಿ ಹತ್ತಿ ನಾಲಿಗೆ ಹೊರಗೆ ಬಂದಿತ್ತು. ಅಲ್ಲಿ ಕೂತು ಅವನು ಕೆಲಸದ ರೀತಿ ಹೇಳಿದ್ದ. ಇಬ್ಬರು ಸೇರಿ ಮಾಡುವ ಕೆಲಸ ಅದು. ಮೇಲೆ ನಿಂತು ಹಗ್ಗ ಬಿಗಿಯುವವನು 'ಕಟ್ಟೋನು'. ಹಲಗೆಯ ಮೇಲೆ ಕೂತು ಗೋಡೆಯ ಆಚೆಗೆ ಇಳಿಯುವವನು 'ಇಳಿಯೋನು'. ಹಗ್ಗಕ್ಕೆ ಎರಡು ಗಂಟು: ಒಂದು ತಾರಸಿಯ ಕಬ್ಬಿಣದ ಕಂಬಕ್ಕೆ, ಅದು ಜಾರಿದರೆ ಹಿಡಿಯಲಿ ಎಂದು ಇನ್ನೊಂದು ಗೋಡೆಯಲ್ಲಿ ಹುಗಿದ ಕಬ್ಬಿಣದ ಬಳೆಗೆ. ಎರಡೂ ಆದ ಮೇಲೆ ಕಟ್ಟೋನು ಹಲಗೆಯನ್ನು ಎರಡು ಸಲ ತಟ್ಟುತ್ತಾನೆ. ಇಳಿಯೋನು ಇಳಿಯುತ್ತಾನೆ.

"ನೀವು ಗಂಟು ನೋಡ್ಕೊಳ್ಳಲ್ವಾ?" ಎಂದು ಅವಳು ಕೇಳಿದ್ದಳು.

"ಮುಟ್ಟೋ ಹಾಗಿಲ್ಲ."

"ಮುಟ್ಟಿದ್ರೆ ಏನಾಗುತ್ತೆ?"

"ಜೋಡಿ ಮುಗೀತು ಅಂತ. ಜಗಳ ಇಲ್ಲ, ಮಾತಿಲ್ಲ. ಇಳಿಯೋನು ಗಂಟಿನ ಮೇಲೆ ಕೈಯಿಟ್ಟ ಅಂದ್ರೆ ಇನ್ನು ಮೇಲೆ ನಿನ್ನ ಜೊತೆ ಕೆಲಸ ಇಲ್ಲ ಅಂತ ಅರ್ಥ. ಆ ಕಟ್ಟೋನ ಜೊತೆ ಆಮೇಲೆ ಬೇರೆ ಯಾರೂ ಇಳಿಯಲ್ಲ."

"ಚೆನ್ನಾಗಿದೆ ನಿಮ್ಮ ನ್ಯಾಯ. ಜೀವ ಹೋದ್ರೂ ಮರ್ಯಾದೆ ಹೋಗಬಾರದು." ಅವಳು ಡಬ್ಬಿಯ ಮುಚ್ಚಳ ತೆಗೆಯುತ್ತಾ ಯೋಚಿಸಿದಳು. "ಕಟ್ಟೋನಿಗೆ ಒಳ್ಳೇ ಹೆಸರಿದೆ, ನಂಬಿಗಸ್ತ ಅಂತಾರೆ. ಅವನನ್ನ ನಂಬಿಕೊಂಡು ಕೆಳಗೆ ನೇತಾಡ್ತಾನಲ್ಲ, ಅವನಿಗೆ ಏನಂತಾರೆ?"

"ಇಳಿಯೋನು ಅಂತಾರೆ."

"ಅದು ಕೆಲಸ ಆಯ್ತು. ಆ ಗುಣಕ್ಕೆ ಹೆಸರೇನು?"

ಅವನು ತುತ್ತು ಅಗಿಯುತ್ತಾ ಬಹಳ ಹೊತ್ತು ಯೋಚಿಸಿದ. ಯಾವುದನ್ನೇ ಕೇಳಿದರೂ ಪರೀಕ್ಷೆಗೆ ಕೂತವನ ಹಾಗೆ ಯೋಚಿಸುವ ಮನುಷ್ಯ. "ಹೆಸರಿದ್ದ ಹಾಗಿಲ್ಲ," ಎಂದ ಕೊನೆಗೆ. "ಹೆಸರಿಟ್ಟು ಕರೆದ್ರೆ ಇಳಿಯೋಕೆ ಭಯ ಆಗಬಹುದು ಅಂತ ಇಟ್ಟಿಲ್ವೇನೋ."

"ಇದೆ. ನಾನು ಹೇಳ್ಲಾ? ಬೆಪ್ಪುತಕ್ಕಡಿ."

ಅವನು ನೆತ್ತಿಗೆ ಹತ್ತುವ ಹಾಗೆ ನಕ್ಕಿದ್ದ. ಆ ಹೆಸರು ಹುಟ್ಟಿದ್ದು ಅವತ್ತು, ಪ್ರೀತಿಯಲ್ಲಿ. ಹದಿಮೂರು ವರ್ಷ ಪ್ರೀತಿಯಲ್ಲೇ ಇತ್ತು.

ಆಮೇಲೆ ಅವನು ಬಿದ್ದ. ಹನ್ನೊಂದು ವರ್ಷದ ಹಿಂದೆ, ಹಾಡಹಗಲು, ಮೂರನೇ ಮಹಡಿಯ ಎತ್ತರದಿಂದ. ಕೆಳಗೆ ನಿಲ್ಲಿಸಿದ್ದ ವ್ಯಾನಿನ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಅವತ್ತಿನ ಕಟ್ಟೋನು ಅವಳ ತಮ್ಮ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು, ಕಲಿಸಿದ್ದು ಭಾವನೇ. ಆಸ್ಪತ್ರೆಗೆ ವಿಚಾರಣೆಗೆ ಬಂದವರಿಗೆ ಭಾವ ಹೇಳಿದ್ದು ಇಷ್ಟು: "ಅವನನ್ನ ಸೋಪಿನ ನೀರು ತರೋಕೆ ಕಳಿಸಿದ್ದೆ. ಬರೋವರೆಗೆ ಕಾಯ್ಲಿಲ್ಲ. ಗಂಟು ನಾನೇ ಕಟ್ಕೊಂಡೆ. ಸರಿಯಾಗಿ ಕಟ್ಟಲಿಲ್ಲ." ಕಾಗದದ ಮೇಲೆ ಅದು ಬರೆದುಹೋಯಿತು. ತನ್ನ ಗಂಟು ತಾನೇ ಕಟ್ಟಿಕೊಂಡು ಬಿದ್ದವನು ಎಂದು ಹಗ್ಗದವರ ನಡುವೆ ಅವನ ಹೆಸರು ಕೆಟ್ಟಿತು. ಯಾರದೋ ದಯೆಯಿಂದ ಲಿಫ್ಟಿನ ಸ್ಟೂಲು ಸಿಕ್ಕಿತು.

ಹೊಲಿಗೆಯಕ್ಕ ಅದನ್ನು ಕಣ್ಣು ಮುಚ್ಚಿಕೊಂಡು ನಂಬಿದಳು. ನಂಬದೆ ಇರಲು ಅವಳಿಗೆ ಕಾರಣವೇ ಇರಲಿಲ್ಲ. ಬುದ್ಧಿ ಇದ್ದ ಗಂಡಸು ನೀರು ಬರುವ ತನಕ ಕಾಯಲಾರದೆ ಇರುತ್ತಾನೆಯೇ ಎಂದು ಸಿಟ್ಟು ಬಂದಿತ್ತು. ಆ ಸಿಟ್ಟು ಕ್ರಮೇಣ ಗೇಲಿಯಾಗಿ, ಗೇಲಿ ದಿನದ ರೂಢಿಯಾಗಿ, ಬೂಟಿನ ಲೇಸಿಗೆ ಬಂದು ನಿಂತಿತು.

*

ಗಾಡಿ ಬರಲು ಇನ್ನೂ ಒಂದು ಗಂಟೆ ಇತ್ತು. ಹಿಂದಿನ ಮೆಟ್ಟಿಲಿನ ಮೇಲೆ ಒಬ್ಬ ಮುದುಕ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಾರಸಿಗಳಿಗೆ ನೀರು ಹೊತ್ತು ಹಾಕುತ್ತಿದ್ದವನು. ಎಲ್ಲರಿಗೂ ಅವನು ಬಕೆಟ್ ತಾತ. ಹೊಲಿಗೆಯಕ್ಕ ಟೀ ತೆಗೆದುಕೊಂಡು ಹೋಗಿ ಕೊಟ್ಟಳು.

"ಒಳಗೆ ಬನ್ನಿ ತಾತ."

"ಇಲ್ಲೇ ಇರ್ತೀನಮ್ಮ. ಒಳಗೆ ಮೇಸ್ತ್ರಿ ಇದ್ದಾನೆ." ಅವನು ಟೀ ಕುಡಿಯಲಿಲ್ಲ. "ನಿಮ್ಮದು ದೊಡ್ಡ ಮನಸ್ಸು ತಾಯಿ. ಅಷ್ಟೆಲ್ಲ ಗೊತ್ತಿದ್ದೂ ತಮ್ಮನನ್ನ ಮಗನ ಹಾಗೆ ಇಟ್ಕೊಂಡಿದೀರಿ. ನನ್ನ ಕೈಲಾಗ್ತಿರ್ಲಿಲ್ಲ."

ಏನು ಗೊತ್ತಿದ್ದೂ ಎಂದು ಹೊಲಿಗೆಯಕ್ಕನಿಗೆ ತಿಳಿಯಲಿಲ್ಲ. ಆದರೆ ಅವಳು ಹೊಲಿಗೆಯವಳು. ಒಂದು ಎಳೆ ಸಿಕ್ಕರೆ ಬಿಡಬಾರದು, ಅವಸರದಲ್ಲಿ ಎಳೆದರೆ ಕಿತ್ತುಹೋಗುತ್ತದೆ, ಎರಡೂ ಗೊತ್ತು. ಮೆಟ್ಟಿಲಿನ ಮೇಲೆ ಅವನ ಪಕ್ಕ ಕೂತಳು.

"ಏನು ಮಾಡೋದು ತಾತ," ಎಂದಳು. "ಒಡಹುಟ್ಟಿದವನು. ಆದ್ರೆ ನನಗೆ ಪೂರ್ತಿ ಬಿಡಿಸಿ ಹೇಳಿದವರಿಲ್ಲ. ನೀವು ಅವತ್ತು ಅಲ್ಲೇ ಇದ್ರಲ್ಲ."

"ಅಲ್ಲೇ ಇದ್ದೆ. ನೀರು ತಂದಿದ್ದು ನಾನು. ಮೇಸ್ತ್ರಿ ಯಾವ ನೀರಿಗೂ ಹೋಗಿರಲಿಲ್ಲ." ಮುದುಕ ಟೋಪಿಯ ಅಂಚನ್ನು ತಿರುವಿದ. "ಕಂಬಕ್ಕೆ ಕಟ್ಟಿದ. ಬಳೆಗೆ ಕಟ್ಟಬೇಕು, ಅಷ್ಟರಲ್ಲಿ ಫೋನ್ ಬಂತು. ಒಂದು ಕೈಯಲ್ಲಿ ಫೋನು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಹಲಗೆ ತಟ್ಟಿಬಿಟ್ಟ. ನಾನು ನೋಡ್ದೆ. ಕೂಗೋಣ ಅನ್ನೋಷ್ಟರಲ್ಲಿ ಯಜಮಾನರು ಇಳಿದಾಗಿತ್ತು. ಅವರು ತಿರುಗಿ ಕೂಡ ನೋಡಲಿಲ್ಲ. ಯಾಕೆ ನೋಡ್ತಾರೆ? ಆಮೇಲೆ ಕಂಬದ ಗಂಟು ಜಾರಿತು, ಹಿಡಿಯೋಕೆ ಇನ್ನೊಂದು ಇರಲಿಲ್ಲ."

"ಹೂಂ," ಎಂದಳು ಅವಳು.

"ಆಸ್ಪತ್ರೆಲಿ ನಾನು ಕೇಳ್ದೆ, ಯಾಕಪ್ಪ ಸುಳ್ಳು ಹೇಳಿದ್ರಿ ಅಂತ. 'ಹುಡುಗನ ಮದುವೆ ಗೊತ್ತಾಗಿದೆ ತಾತ. ಕಟ್ಟೋಕೆ ಬರಲ್ಲ ಅಂತ ಹೆಸರು ಬಂದ್ರೆ ಜನ್ಮಕ್ಕೆ ಯಾರೂ ಜೊತೆಗೆ ಸೇರಿಸಲ್ಲ' ಅಂದ್ರು. ಮನೆಯವರಿಗಾದ್ರೂ ಹೇಳಿ ಅಂದೆ. 'ನಾನು ಹೇಳಬಾರದು. ಅಕ್ಕನಿಗೆ ತಾನೇ ಹೇಳ್ತೀನಿ ಅಂದಿದ್ದಾನೆ ಹುಡುಗ. ಅವನ ಬಾಯಿಂದ ಬಂದ್ರೆ ಅವಳು ತಡ್ಕೊಳ್ತಾಳೆ' ಅಂದ್ರು. ಹೇಳಿದ್ದಾನೆ ಅಂತ ಆಮೇಲೆ ನೀವು ಒಟ್ಟಿಗಿರೋದು ನೋಡಿ ನಾನೇ ತಿಳ್ಕೊಂಡೆ." ಅವನು ಥಟ್ಟನೆ ಅವಳ ಮುಖ ನೋಡಿದ. "ಹೇಳಿದ್ದಾನೆ ತಾನೇ ತಾಯಿ?"

"ಟೀ ಆರಿಹೋಗುತ್ತೆ, ಕುಡೀರಿ," ಎಂದು ಹೊಲಿಗೆಯಕ್ಕ ಎದ್ದಳು.

*

ಭಾನುವಾರ ಭಾನುವಾರ ತಮ್ಮ ಬರುತ್ತಿದ್ದ. ಮದುವೆಯಾದ ಮೇಲೂ, ಮೇಸ್ತ್ರಿಯಾದ ಮೇಲೂ ತಪ್ಪಿಸಲಿಲ್ಲ. ಅವನು ಒಳಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಗಂಡ ಕುರ್ಚಿಯ ಹಿಡಿ ಒತ್ತಿ ಏಳುತ್ತಿದ್ದ. "ನೀವು ಅಕ್ಕ ತಮ್ಮ ಮಾತಾಡ್ತಿರಿ," ಎಂದು ಕೋಲೂರಿಕೊಂಡು ಹೊರಗೆ ಹೋಗಿ ಮೆಟ್ಟಿಲಿನ ಹತ್ತಿರ ನಿಲ್ಲುತ್ತಿದ್ದ. ಚಳಿಯಿರಲಿ, ಬಿಸಿಲಿರಲಿ, ಅರ್ಧ ಗಂಟೆ. ಆ ತಗ್ಗು ಮೆಟ್ಟಿಲಿನ ಮೇಲೆ ಕೂರಲು ಅವನ ಸೊಂಟ ಬಗ್ಗುತ್ತಿರಲಿಲ್ಲ.

ಅವಳಿಗೆ ಮೈ ಉರಿಯುತ್ತಿತ್ತು. "ನನ್ನ ತವರಿನವರು ಅಂತ ಇರೋನು ಅವನೊಬ್ಬ. ಅವನ ಮುಖ ಕಂಡ್ರೆ ನಿಮಗಾಗಲ್ಲ. ನಿಮ್ಮ ಕೆಲಸ ಅವನಿಗೆ ಸಿಕ್ತು ಅಂತ ಹೊಟ್ಟೆಕಿಚ್ಚು," ಎಂದು ಎಷ್ಟೋ ಸಲ ಬೈದಿದ್ದಳು.

"ಇಲ್ಲಪ್ಪಾ," ಎನ್ನುತ್ತಿದ್ದ ಅವನು. ಇನ್ನೇನೂ ಹೇಳುತ್ತಿರಲಿಲ್ಲ.

ಅರ್ಧ ಗಂಟೆ ಕಳೆದು ಒಳಗೆ ಬಂದ ಗಂಡ ಮೊದಲು ಅವಳ ಮುಖ ನೋಡುತ್ತಿದ್ದ. ಅದೊಂದು ಅವಳಿಗೆ ಈಗ, ಅಡುಗೆಮನೆಯ ನಲ್ಲಿಯ ಮುಂದೆ ನಿಂತಿರುವಾಗ, ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ಬಾಗಿಲಲ್ಲಿ ನಿಂತು, ಕೋಲನ್ನು ಗೋಡೆಗೆ ಒರಗಿಸುವ ಮುಂಚೆ, ಅವಳ ಮುಖ ನೋಡುವುದು. ನೋಡಿ, ತಮ್ಮನ ಮುಖ ನೋಡುವುದು. ಆಮೇಲೆ, "ಊಟಕ್ಕೆ ಹಾಕ್ತೀಯಾ?" ಎನ್ನುವುದು. ಹನ್ನೊಂದು ವರ್ಷದ ಭಾನುವಾರಗಳು. ಒಂದಲ್ಲ ಒಂದು ಭಾನುವಾರ ತಮ್ಮ ಹೇಳುತ್ತಾನೆ ಎಂದು ಬಾಗಿಲಿಗೆ ಕಾಲು ಅಡ್ಡ ಇಟ್ಟುಕೊಂಡು ಕಾದಿದ್ದಾನೆ. ಬರ್ತೀನಿ ಅಂದಿದ್ರಲ್ಲ ಸರ್.

ತಮ್ಮ ಮಾತ್ರ ಆ ಅರ್ಧ ಗಂಟೆಯಲ್ಲಿ ಅವಳ ಜೊತೆ ಕೂತು ಭಾವನನ್ನು ಗೇಲಿ ಮಾಡಿದ್ದ. ಒಂದು ಸಲ ಊಟದ ಹೊತ್ತಿಗೆ ಗಂಡ ರೊಟ್ಟಿಯ ಪೊಟ್ಟಣದ ದಾರ ಬಿಚ್ಚಲಾರದೆ ಒದ್ದಾಡುತ್ತಿದ್ದಾಗ, "ಭಾವ, ಕಟ್ಟೋಕಂತೂ ಬರಲ್ಲ, ಬಿಚ್ಚೋಕೂ ಬರಲ್ವಾ?" ಎಂದಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಗಂಡನೂ ನಕ್ಕಿದ್ದ.

ಅವಳು ಕೈ ಒರೆಸಿಕೊಂಡು ಸೂಜಿದಾರದ ಡಬ್ಬಿ ತೆಗೆದುಕೊಂಡಳು.

*

"ಬಾ ಇಲ್ಲಿ," ಎಂದು ತಮ್ಮನನ್ನು ಮಲಗುವ ಕೋಣೆಯ ಪಕ್ಕದ ಸಣ್ಣ ಕೋಣೆಗೆ ಕರೆದಳು. "ಕೋಟಿನ ಗುಂಡಿ ಸಡಿಲಾಗಿದೆ. ಎಲ್ಲರ ಮುಂದೆ ಕಿತ್ತು ಬೀಳುತ್ತೆ."

"ಇರ್ಲಿ ಬಿಡು ಅಕ್ಕ, ಈಗೇನು..."

"ನಿಂತ್ಕೋ."

ಅವನು ನಿಂತ. ಚಿಕ್ಕವನಿದ್ದಾಗಲೂ ಅಂಗಿ ಬಿಚ್ಚದೆ ಹೀಗೇ ನಿಂತು ಗುಂಡಿ ಹಾಕಿಸಿಕೊಳ್ಳುತ್ತಿದ್ದ. ಅವಳು ಸೂಜಿಗೆ ಕಪ್ಪು ದಾರ ಪೋಣಿಸಿದಳು. ಮೂರನೆಯ ಸಲ ಸೂಜಿ ಎಳೆದ ಮೇಲೆ, ತಲೆ ಎತ್ತದೆ ಕೇಳಿದಳು:

"ಅವತ್ತು ಬಳೆಗೆ ಯಾಕೆ ಕಟ್ಟಲಿಲ್ಲ?"

ಸೂಜಿಯ ಕೆಳಗೆ ಅವನ ಉಸಿರು ನಿಂತದ್ದು ಅವಳ ಬೆರಳಿಗೆ ತಿಳಿಯಿತು.

"ಯಾರು ಹೇಳಿದ್ದು?"

"ಯಾರು ಹೇಳಬೇಕಿತ್ತೋ ಅವರು ಹೇಳಲಿಲ್ಲ."

"ಫೋನ್ ಬಂತು ಅಕ್ಕ. ಇವಳದೇ. ಮನೇಲಿ ಮದುವೆ ದಿನ ಗೊತ್ತು ಮಾಡಿದ್ರು ಅಂತ. ತಲೆ ಎಲ್ಲೋ ಇತ್ತು. ಕಟ್ಟಿದೀನಿ ಅಂತಲೇ ಅಂದ್ಕೊಂಡೆ. ತಟ್ಟಿಬಿಟ್ಟೆ."

"ಕೈತಪ್ಪು ಯಾರಿಗೂ ಆಗುತ್ತೆ. ನಾನು ಎಷ್ಟು ಬಟ್ಟೆ ಹಾಳು ಮಾಡಿಲ್ಲ? ಅದನ್ನ ನಾನು ಕೇಳ್ತಿಲ್ಲ. ನನಗೆ ಹೇಳ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ಯಂತೆ."

"ಹೇಳಬೇಕು ಅಂತಲೇ ಇದ್ದೆ. ಮದುವೆ ಆಗ್ಲಿ ಅಂದ್ಕೊಂಡೆ. ಆಮೇಲೆ ಮೇಸ್ತ್ರಿ ಮಾಡಿದ್ರು. ಮಗು ಆಯ್ತು. ಹೇಳೋಕೂ ಒಂದು ಹೊತ್ತು ಅಂತ ಇರುತ್ತಲ್ಲ ಅಕ್ಕ. ಅದು ದಾಟಿಹೋಯ್ತು. ಭಾವನೂ ಒಂದು ದಿನ ಕೇಳಲಿಲ್ಲ."

"ನಿನ್ನ ಎದುರಿಗೇ ನಾನು ಅವರನ್ನ ಆಡ್ಕೊಳ್ತಿದ್ದೆ."

ಅವಳು ಸೂಜಿ ಎಳೆದಳು.

"ನೀನು ನಕ್ಕಿದೀಯ. ನನ್ನನ್ನೂ ನಗಿಸಿದೀಯ."

"ಏನು ಮಾಡ್ಲಿ ಹೇಳು!" ಎಂದ ಅವನು, ಕಣ್ಣಲ್ಲಿ ನೀರು ತುಂಬಿಕೊಂಡು, ಆದರೆ ದನಿಯಲ್ಲಿ ಸಿಟ್ಟು. "ಭಾವ ಮುಗ್ಧ ಅಕ್ಕ, ಅದೇ ಎಲ್ಲದಕ್ಕೂ ಮೂಲ. ಅವರೂ ಒಂದ್ಸಲ, ಒಂದೇ ಒಂದ್ಸಲ ಗಂಟು ಮುಟ್ಟಿ ನೋಡಿದ್ರೆ ಇಷ್ಟೆಲ್ಲ ಆಗ್ತಿತ್ತಾ? ಅವರೂ ನೋಡ್ಕೋಬೇಕಿತ್ತು. ಯಾರನ್ನಾದ್ರೂ ಅಷ್ಟು ನಂಬೋದಾ?"

ಹೊಲಿಗೆಯಕ್ಕ ಕೈ ನಿಲ್ಲಿಸಿದಳು. ಈ ಪದ ಯಾತಕ್ಕೆ ಬಳಕೆಗೆ ಬರುತ್ತದೆ ಎಂದು ಬೆಳಗಿನಿಂದ ಅಸ್ಪಷ್ಟವಾಗಿ ಹೊಳೆಯುತ್ತಿದ್ದದ್ದು ಈಗ ನಿಚ್ಚಳವಾಯಿತು. ಕೈಕೊಟ್ಟವನು ತನ್ನ ತಪ್ಪನ್ನು ನಂಬಿದವನ ಕೊರಳಿಗೆ ಕಟ್ಟುವಾಗ ಬೇಕಾಗುವ ಪದ ಇದು. ಕುರಿ ಕಟುಕನನ್ನು ನಂಬಿತು ಎಂದು ಕಟುಕನೇ ಕುರಿಗೆ ಬುದ್ಧಿ ಹೇಳಿದ ಹಾಗೆ.

ಅಷ್ಟೇ ಆಗಿದ್ದರೆ ತಮ್ಮನ ಮೇಲೆ ಕೂಗಾಡಿ ಮುಗಿಸಬಹುದಿತ್ತು. ಅದಕ್ಕಿಂತ ಕೆಳಗೆ ಇನ್ನೊಂದು ಚುಚ್ಚುತ್ತಿತ್ತು. ಆ ಮನುಷ್ಯ ತಮ್ಮನನ್ನು ನಂಬಿದ, ಗುಮಾಸ್ತರನ್ನು ನಂಬಿದ, ಒಂದ್ನಿಮಿಷ ಎಂದವರನ್ನೆಲ್ಲ ನಂಬಿದ. ಲೇಸು ಕಟ್ಟುವ ಹೆಂಡತಿಯೊಬ್ಬಳನ್ನು ನಂಬಲಿಲ್ಲ. ದಿನವೂ ಪಾದದ ಹತ್ತಿರ ಕೂರುತ್ತಿದ್ದಳಲ್ಲ, ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ. ಹೇಳಿದ್ದರೆ ತಮ್ಮನನ್ನು ಹೊಸಲು ತುಳಿಯಲು ಬಿಡುತ್ತಿರಲಿಲ್ಲವೇನೋ, ಇರಬಹುದು. ಆದರೆ ಆ ನಾಲ್ಕು ಸಾವಿರ ಬೆಳಗಿನ ಚುಚ್ಚುಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಇಬ್ಬರೂ ಸೇರಿ ಅವಳನ್ನು ಕತ್ತಲಲ್ಲಿಟ್ಟರು. ಹೇಳಿದ್ದನ್ನೆಲ್ಲ ನಂಬಿಕೊಂಡು, ಒಂದು ದಿನವೂ ಮುಟ್ಟಿ ನೋಡದೆ, ಹನ್ನೊಂದು ವರ್ಷ ನೇತಾಡಿದವಳು ಅವಳು. ಊರಿಗೆಲ್ಲ ಬೆಪ್ಪುತಕ್ಕಡಿ ಯಾರು ಎಂದು ಈಗ ತಿಳಿಯಿತು.

ಅವಳು ಗುಂಡಿಯ ಬುಡಕ್ಕೆ ದಾರ ಸುತ್ತಿ, ಗಂಟು ಹಾಕಿ, ಬಗ್ಗಿ ಹಲ್ಲಿನಿಂದ ಕತ್ತರಿಸಿದಳು.

"ಆಯ್ತು ಹೋಗು. ಗಾಡಿ ಬಂತು."

"ಅಕ್ಕ, ಏನಾದ್ರೂ ಬೈದುಬಿಡು. ಹೀಗೆ ಸುಮ್ಮನಿರಬೇಡ."

"ಗಾಡಿ ಬಂತು ಅಂದೆ."

*

ತೋಡಿದ ಮಣ್ಣು ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಹಗ್ಗದವರು ಹನ್ನೆರಡು ಮಂದಿ ಬಂದಿದ್ದರು, ಎಲ್ಲರೂ ಒಗೆದ ಅಂಗಿ ಹಾಕಿಕೊಂಡು. ಪೆಟ್ಟಿಗೆಯನ್ನು ಗುಂಡಿಯ ಮೇಲೆ ಅಡ್ಡ ಹಾಕಿದ ಎರಡು ತೊಲೆಗಳ ಮೇಲೆ ಇಟ್ಟರು. ಪೆಟ್ಟಿಗೆಗೆ ನಾಲ್ಕು ಹಿಡಿ, ನಾಲ್ಕಕ್ಕೂ ಒಂದೊಂದು ಹಗ್ಗ. ಮೇಸ್ತ್ರಿ ತಾನೇ ಮೊಣಕಾಲೂರಿ ಒಂದೊಂದನ್ನೂ ಕಟ್ಟಿದ. ಅವಸರ ಮಾಡಲಿಲ್ಲ. ಪ್ರತಿಯೊಂದು ಹಿಡಿಗೂ ಒಂದರ ಹಿಂದೆ ಒಂದು ಎರಡೆರಡು ಗಂಟು ಹಾಕಿ, ತುದಿ ಎಳೆದು ಬಿಗಿದ. ಕಟ್ಟುವಾಗ ಅಳುತ್ತಿದ್ದ. ಅಳು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು.

ಗುಮಾಸ್ತರು ಎರಡು ಮಾತು ಆಡಿದರು. ಅದರಲ್ಲಿ ಆ ಪದ ಮತ್ತೆ ಬಂತು. ಟೀಚರ್ ಮೂಗು ಒರೆಸಿಕೊಂಡರು.

ಮೇಸ್ತ್ರಿ ಎದ್ದು ನಿಂತು ಪೆಟ್ಟಿಗೆಯ ಹಲಗೆಯನ್ನು ಎರಡು ಸಲ ತಟ್ಟಿದ. ನಾಲ್ವರು ಹಗ್ಗದ ತುದಿಗಳನ್ನು ಹಿಡಿದುಕೊಂಡರು. ಇನ್ನಿಬ್ಬರು ತೊಲೆ ಎಳೆಯಲು ಬಗ್ಗಿದರು.

"ತಾಳಿ," ಎಂದಳು ಹೊಲಿಗೆಯಕ್ಕ.

ಮುಂದೆ ಬಂದಳು. ಬಲಗಾಲು ಇದ್ದ ಕಡೆಯ ಹಿಡಿಯ ಹತ್ತಿರ, ಬೆಳಿಗ್ಗೆ ಕೂತ ಹಾಗೆಯೇ ಮೊಣಕಾಲೂರಿ ಕೂತಳು. ಗಂಟಿನ ಮೇಲೆ ಅಂಗೈ ಇಟ್ಟಳು.

ಟೀಚರಿಗೂ ಗುಮಾಸ್ತರಿಗೂ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಪಾಪ, ಕೊನೆಯ ಸಲ ಸವರುತ್ತಿದ್ದಾಳೆ ಎಂದುಕೊಂಡರು. ಹಗ್ಗದವರಲ್ಲಿ ಮಾತ್ರ ಯಾರೋ ಸದ್ದು ಮಾಡಿ ಉಸಿರೆಳೆದುಕೊಂಡರು. ಹನ್ನೆರಡು ಮಂದಿಯೂ ಮೊದಲು ಅವಳ ಕೈ ನೋಡಿದರು, ಆಮೇಲೆ ಮೇಸ್ತ್ರಿಯನ್ನು ನೋಡಿದರು. ಬಕೆಟ್ ತಾತ ಟೋಪಿ ತೆಗೆದ.

"ಅಕ್ಕ," ಎಂದ ತಮ್ಮ, ತುಟಿ ಅಲುಗದ ಹಾಗೆ. "ಎಲ್ಲರೂ ನೋಡ್ತಿದ್ದಾರೆ."

ಗಂಟು ಗಟ್ಟಿಯಾಗಿತ್ತು. ಎಲ್ಲಿಯೂ ತಪ್ಪು ಹುಡುಕುವ ಹಾಗಿರಲಿಲ್ಲ. ಇಷ್ಟು ಚೆನ್ನಾಗಿ ಕಟ್ಟಲು ಯಾರು ಕಲಿಸಿದ್ದು ಎಂದೂ ಅವಳಿಗೆ ಗೊತ್ತಿತ್ತು. ಮೂವತ್ತು ವರ್ಷ ಹೊಲಿಗೆ ಬಿಚ್ಚಿ ಬಿಚ್ಚಿ ಗಟ್ಟಿಯಾದ ಉಗುರನ್ನು ಅದರ ಸಂದಿಗೆ ತೂರಿಸಿ ಅವಳು ಬಿಚ್ಚಿದಳು. ಎದ್ದು ಎರಡನೆಯದನ್ನು ಬಿಚ್ಚಿದಳು. ಸುತ್ತು ಬಂದು ಮೂರನೆಯದು, ನಾಲ್ಕನೆಯದು. ಯಾರೂ ತಡೆಯಲಿಲ್ಲ. ತಮ್ಮನ ಪಕ್ಕದಲ್ಲಿ ನಿಂತಿದ್ದವನು ಒಂದು ಹೆಜ್ಜೆ ಆಚೆಗೆ ಸರಿದ.

ಅವಳು ಬಿಚ್ಚಿದ ಹಗ್ಗದ ತುದಿಯನ್ನು ಬಕೆಟ್ ತಾತನ ಕೈಗೆ ಕೊಟ್ಟಳು.

"ನಾನು ಜನ್ಮದಲ್ಲಿ ಕಟ್ಟಿದವನಲ್ಲ ತಾಯಿ," ಎಂದ ಮುದುಕ. "ನೀರು ಹೊತ್ತವನು."

"ನೋಡಿದೀರಲ್ಲ. ಕಟ್ಟಿ."

ಮುದುಕ ಒಂದೊಂದನ್ನೇ ಕಟ್ಟಿದ. ಬಹಳ ಹೊತ್ತು ಹಿಡಿಯಿತು. ತಮ್ಮ ಬರಿಗೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕೋಟಿನ ಗುಂಡಿಯನ್ನು ಹಿಡಿದುಕೊಂಡಿದ್ದ. ಮುದುಕ ಮುಗಿಸಿ, ಸರಿಯೇ ಎಂದು ಕೇಳುವವನ ಹಾಗೆ ಅವಳತ್ತ ನೋಡಿದ. ಅವಳು ಗಂಟುಗಳ ಕಡೆ ಕಣ್ಣು ಹಾಯಿಸಲಿಲ್ಲ, ಬೆರಳು ತಾಗಿಸಲಿಲ್ಲ. ಬೂಟುಗಳಿದ್ದ ಕಡೆಗೆ ಹೋಗಿ ಹಲಗೆಯನ್ನು ಎರಡು ಸಲ ತಟ್ಟಿದಳು.